ಆಸ್ಟ್ರೇಲಿಯಾದ ಕ್ವಾರಂಟೈನ್ ನೀತಿ: ವಿಜ್ಞಾನದ ಪಾಲು ಎಷ್ಟು, ಸರ್ಕಾರದ ಪಾಲು ಎಷ್ಟು?

ಹಸಿರುಹಾಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಾರ್ವಜನಿಕ ಆಡಳಿತದ ವಿದ್ಯಾರ್ಥಿಯಾಗಿ ನಾನು ಆಸ್ಟ್ರೇಲಿಯಾ ತನ್ನ ಕ್ವಾರಂಟೈನ್ ಮತ್ತು ಜೈವಿಕ ಸುರಕ್ಷತಾ ನೀತಿಯನ್ನು ಹೇಗೆ ರೂಪಿಸುತ್ತದೆ ಎಂಬುದನ್ನು ಓದುತ್ತಿದ್ದೇನೆ. ಹೊರಗಿನಿಂದ ಬರುವ ಹಣ್ಣು, ಬೀಜ, ಮಾಂಸ, ಮೀನು, ಜೀವಂತ ಪ್ರಾಣಿಗಳ ಜೊತೆಗೆ ಒಳನುಸುಳಬಹುದಾದ ಕೀಟ ಮತ್ತು ರೋಗಗಳನ್ನು ತಡೆಯಲು ಆ ದೇಶ 1908ರಲ್ಲೇ ಕ್ವಾರಂಟೈನ್ ಕಾಯ್ದೆ ಮಾಡಿತು. ಅದರ ಜಾಗಕ್ಕೆ ಬಂದ 2015ರ ಜೈವಿಕ ಸುರಕ್ಷತಾ ಕಾಯ್ದೆ 2016ರ ಜೂನ್ 16ರಂದು ಜಾರಿಯಾಯಿತು. ಅದಕ್ಕೂ ಮುಂಚಿನ ದಶಕದಲ್ಲಿ ಆಮದು ಅಪಾಯ ವಿಶ್ಲೇಷಣೆಯ ಕೆಲಸವನ್ನು ಕೃಷಿ ಇಲಾಖೆಯ ಅಡಿಯಲ್ಲಿದ್ದ ‘ಬಯೋಸೆಕ್ಯುರಿಟಿ ಆಸ್ಟ್ರೇಲಿಯಾ’ ಎಂಬ ಸಂಸ್ಥೆ ಮಾಡುತ್ತಿತ್ತು. ಈಗ ಅದು ಇಲಾಖೆಯೊಳಗೇ ನಡೆಯುತ್ತದೆ. ಇಷ್ಟು ಚೌಕಟ್ಟು ನನಗೆ ಅರ್ಥವಾಗಿದೆ.

ತೊಡಕಿರುವುದು ಬೇರೆ ಕಡೆ. ‘ನೀತಿ ವಿಜ್ಞಾನವನ್ನು ಆಧರಿಸಿದೆ’ ಎಂಬ ಮಾತು ಅಲ್ಲಿನ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವೇ ವರದಿಗಳು ಅಪಾಯವನ್ನು ‘ಅತ್ಯಂತ ಕೆಳಮಟ್ಟಕ್ಕೆ, ಆದರೆ ಸೊನ್ನೆಗಲ್ಲ’ ಇಳಿಸುವುದು ತಮ್ಮ ಗುರಿ ಎನ್ನುತ್ತವೆ. ಈ ಗುರಿಯನ್ನು ಯಾವ ಪ್ರಯೋಗಾಲಯವೂ ಕಂಡುಹಿಡಿಯಲು ಸಾಧ್ಯವಿಲ್ಲ. ಹಾಗಿದ್ದರೆ ಅದನ್ನು ಗೊತ್ತುಮಾಡುವವರು ಯಾರು? ಎರಡನೆಯದಾಗಿ, ಒಂದು ಕೀಟ ಹೊಸ ನೆಲದಲ್ಲಿ ನೆಲೆಯೂರುವ ಸಾಧ್ಯತೆ ‘ಕಡಿಮೆ’ ಎಂದೋ ‘ಮಧ್ಯಮ’ ಎಂದೋ ಬರೆಯುವ ಹೊತ್ತಿಗೆ ಆ ಕೀಟ ಅಲ್ಲಿ ಕಾಲಿಟ್ಟೇ ಇರುವುದಿಲ್ಲ. ಇನ್ನೂ ನಡೆಯದ ಘಟನೆಯ ಸಂಭವನೀಯತೆಯನ್ನು ಪರಿಣತರು ಅಂದಾಜಿಸಿ ಬರೆದರೆ ಅದನ್ನು ವಿಜ್ಞಾನ ಎನ್ನಬೇಕೇ, ಅಭಿಪ್ರಾಯ ಎನ್ನಬೇಕೇ? ಮೂರನೆಯದಾಗಿ, ಇಷ್ಟು ಕಟ್ಟುನಿಟ್ಟಿನ ವ್ಯವಸ್ಥೆಯಿರುವ ದೇಶ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಸಾಲ್ಮನ್ ಮೀನಿನ ವಿಚಾರದಲ್ಲೂ ಸೇಬಿನ ವಿಚಾರದಲ್ಲೂ ಸೋತದ್ದು ಏಕೆ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ತಾಳೆಗರಿ (ಉತ್ತರ)

ಹಸಿರುಹಾಳೆ ಅವರೇ, ನಿಮ್ಮ ಮೊದಲ ಪ್ರಶ್ನೆ ಸರಿಯಾದ ಜಾಗದಲ್ಲಿ ಬೆರಳಿಟ್ಟಿದೆ. ಅಪಾಯ ಎಷ್ಟಿದೆ ಎಂಬುದಕ್ಕೆ ಉತ್ತರಿಸಬೇಕಾದವರು ಕೀಟಶಾಸ್ತ್ರಜ್ಞರು, ಸಸ್ಯರೋಗ ತಜ್ಞರು, ಪಶುವೈದ್ಯರು. ಎಷ್ಟು ಅಪಾಯವನ್ನು ಸಹಿಸಿಕೊಳ್ಳಬಹುದು ಎಂಬುದಕ್ಕೆ ಉತ್ತರಿಸಬೇಕಾದದ್ದು ಜನರಿಗೆ ಹೊಣೆಯಾಗಿರುವ ಸರ್ಕಾರ. 1995ರ ಜನವರಿ 1ರಂದು ಜಾರಿಗೆ ಬಂದ, ವಿಶ್ವ ವ್ಯಾಪಾರ ಸಂಸ್ಥೆಯ ಎಸ್‌ಪಿಎಸ್ ಒಪ್ಪಂದ (ಆಹಾರ ಸುರಕ್ಷತೆ ಮತ್ತು ಪ್ರಾಣಿ, ಸಸ್ಯಗಳ ಆರೋಗ್ಯದ ಹೆಸರಿನಲ್ಲಿ ಆಮದಿಗೆ ವಿಧಿಸುವ ಕ್ರಮಗಳ ಕುರಿತಾದದ್ದು) ಈ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟಿದೆ. ಮನುಷ್ಯ, ಪ್ರಾಣಿ ಮತ್ತು ಸಸ್ಯಗಳ ಆರೋಗ್ಯಕ್ಕೆ ಎಷ್ಟು ರಕ್ಷಣೆ ಬೇಕೆಂಬುದನ್ನು ಪ್ರತಿಯೊಂದು ಸದಸ್ಯ ರಾಷ್ಟ್ರವೂ ತಾನೇ ಗೊತ್ತುಮಾಡಿಕೊಳ್ಳಬಹುದು. ಆದರೆ ಹಾಗೆ ಗೊತ್ತುಮಾಡಿಕೊಂಡ ಮೇಲೆ ಅದನ್ನು ತಲುಪಲು ಕೈಗೊಳ್ಳುವ ಕ್ರಮ ಅಪಾಯದ ಮೌಲ್ಯಮಾಪನವನ್ನು ಆಧರಿಸಿರಬೇಕು, ಅಗತ್ಯಕ್ಕಿಂತ ಹೆಚ್ಚಾಗಿ ವ್ಯಾಪಾರವನ್ನು ಕಟ್ಟಿಹಾಕಬಾರದು, ಹೋಲುವ ಅಪಾಯಗಳಿಗೆ ಬೇರೆಬೇರೆ ಅಳತೆಗೋಲನ್ನು ಬಳಸಬಾರದು.

ಆಸ್ಟ್ರೇಲಿಯಾದಲ್ಲಿ ಈ ‘ಸೂಕ್ತ ರಕ್ಷಣಾ ಮಟ್ಟ’ವನ್ನು ಒಕ್ಕೂಟ ಸರ್ಕಾರ ರಾಜ್ಯಗಳ ಒಪ್ಪಿಗೆ ಪಡೆದು ಗೊತ್ತುಮಾಡಿದೆ, ಈಗ ಅದು 2015ರ ಕಾಯ್ದೆಯ 5ನೇ ಸೆಕ್ಷನ್ನಿನಲ್ಲೇ ಇದೆ. ಸೊನ್ನೆ ಎಂದು ಬರೆಯದಿರಲು ಕಾರಣ ಸರಳವಾಗಿದೆ. ಸೊನ್ನೆ ಅಪಾಯ ಬೇಕೆಂದರೆ ಹಡಗು, ವಿಮಾನ, ಅಂಚೆ, ಪ್ರಯಾಣಿಕರು ಎಲ್ಲವನ್ನೂ ನಿಲ್ಲಿಸಬೇಕಾಗುತ್ತದೆ. ಅಷ್ಟಾದರೂ ಟೊರೆಸ್ ಜಲಸಂಧಿಯ ಆಚೆಗಿನ ಪಾಪುವ ನ್ಯೂ ಗಿನಿಯಿಂದ ಗಾಳಿಯ ಜೊತೆ ಕೀಟಗಳು ಬಂದೇ ಬರುತ್ತವೆ. ಉತ್ತರ ಕರಾವಳಿಯುದ್ದಕ್ಕೂ ಸಮೀಕ್ಷೆ ನಡೆಸುವ, ಬಲೆ ಇಟ್ಟು ಕೀಟಗಳನ್ನು ಹಿಡಿದು ನೋಡುವ ವಿಶೇಷ ಕಾರ್ಯಕ್ರಮವೊಂದನ್ನು ಅವರು 1989ರಿಂದ ನಡೆಸುತ್ತಿರುವುದು ಇದಕ್ಕಾಗಿಯೇ.

ಇನ್ನು ವಿಶ್ಲೇಷಣೆ ನಡೆಯುವ ಬಗೆ. ಒಂದು ದೇಶ ತನ್ನ ತಾಜಾ ಹಣ್ಣನ್ನು ಕಳುಹಿಸಲು ಅನುಮತಿ ಕೇಳಿತು ಎಂದುಕೊಳ್ಳಿ. ಆ ದೇಶದಲ್ಲಿ ಆ ಬೆಳೆಯ ಮೇಲೆ ದಾಖಲಾಗಿರುವ ಎಲ್ಲ ಕೀಟ, ಶಿಲೀಂಧ್ರ, ಬ್ಯಾಕ್ಟೀರಿಯಾ, ವೈರಸ್‌ಗಳ ಪಟ್ಟಿಯನ್ನು ಮೊದಲು ಮಾಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಈಗಾಗಲೇ ಹರಡಿಕೊಂಡಿರುವಂಥವು, ಬೇರು ಅಥವಾ ಎಲೆಯ ಮೇಲೆ ಮಾತ್ರ ಇದ್ದು ಹಣ್ಣಿನ ಜೊತೆ ಪ್ರಯಾಣ ಮಾಡದಂಥವು, ಬಂದರೂ ನೆಲೆ ನಿಲ್ಲಲಾರದಂಥವು ಪಟ್ಟಿಯಿಂದ ಹೊರಬೀಳುತ್ತವೆ. ಉಳಿದ ಪ್ರತಿಯೊಂದು ಜೀವಿಗೂ ಮೂರು ಪ್ರಶ್ನೆ: ಅದು ಒಳಗೆ ಬರುವ ಸಾಧ್ಯತೆ ಎಷ್ಟು, ಬಂದದ್ದು ನೆಲೆಯೂರುವ ಸಾಧ್ಯತೆ ಎಷ್ಟು, ನೆಲೆಯೂರಿದ್ದು ಹರಡುವ ಸಾಧ್ಯತೆ ಎಷ್ಟು. ಈ ಕ್ರಮ ಆಸ್ಟ್ರೇಲಿಯಾ ಒಂದರದ್ದೇ ಅಲ್ಲ. 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಡಂಬಡಿಕೆಯಡಿ ಹೊರಬಂದಿರುವ ಮಾನದಂಡಗಳೂ ಇದನ್ನೇ ಹೇಳುತ್ತವೆ. ಪ್ರಾಣಿಗಳ ವಿಚಾರದಲ್ಲಿ 1924ರಲ್ಲಿ ಸ್ಥಾಪನೆಯಾದ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಸಂಹಿತೆ ಇದೇ ಪಾತ್ರ ವಹಿಸುತ್ತದೆ.

ಆಸ್ಟ್ರೇಲಿಯಾದ ವಿಧಾನದಲ್ಲಿ ನನಗೆ ವಿಶೇಷವಾಗಿ ಕಾಣುವುದು ಪದಗಳ ಶಿಸ್ತು. ಸಂಭವನೀಯತೆಗೆ ಅವರು ಆರು ಪದಗಳನ್ನು ಮಾತ್ರ ಬಳಸುತ್ತಾರೆ, ಒಂದೊಂದಕ್ಕೂ ಸಂಖ್ಯೆಯ ಎಲ್ಲೆ ಇದೆ: ‘ಹೆಚ್ಚು’ ಎಂದರೆ 0.7ರಿಂದ 1, ‘ಮಧ್ಯಮ’ ಎಂದರೆ 0.3ರಿಂದ 0.7, ‘ಕಡಿಮೆ’ ಎಂದರೆ 0.05ರಿಂದ 0.3, ‘ತೀರಾ ಕಡಿಮೆ’ ಎಂದರೆ 0.001ರಿಂದ 0.05. ಅದರ ಕೆಳಗೆ ಹತ್ತು ಲಕ್ಷದಲ್ಲಿ ಒಂದರವರೆಗೆ ‘ಅತೀ ಕಡಿಮೆ’, ಅದಕ್ಕೂ ಕೆಳಗಿನದು ‘ನಗಣ್ಯ’. ಮೂರೂ ಹಂತಗಳ ಉತ್ತರವನ್ನು ಕೋಷ್ಟಕವೊಂದರ ಮೂಲಕ ಜೋಡಿಸುತ್ತಾರೆ. ಎರಡು ‘ಮಧ್ಯಮ’ ಸೇರಿದರೆ ‘ಕಡಿಮೆ’, ಎರಡು ‘ಕಡಿಮೆ’ ಸೇರಿದರೆ ‘ತೀರಾ ಕಡಿಮೆ’. ಸರಪಳಿಯ ಫಲ ಅದರ ದುರ್ಬಲ ಕೊಂಡಿಗಿಂತ ಹೆಚ್ಚಾಗುವುದಿಲ್ಲ. ಬೆಳೆ, ಪರಿಸರ, ವ್ಯಾಪಾರ ಮತ್ತು ಸಮುದಾಯದ ಮೇಲೆ ಆಗಬಹುದಾದ ಹಾನಿಯನ್ನು ಸ್ಥಳೀಯ, ಜಿಲ್ಲಾ, ಪ್ರಾದೇಶಿಕ ಮತ್ತು ರಾಷ್ಟ್ರೀಯ ಮಟ್ಟಗಳಲ್ಲಿ ಬೇರೆಯಾಗಿ ಅಳೆದು, ಸಂಭವನೀಯತೆಯೊಂದಿಗೆ ಕೂಡಿಸಿ, ಯಾವ ತಡೆಯೂ ಇಲ್ಲದಿದ್ದರೆ ಅಪಾಯ ಎಷ್ಟು ಎಂದು ಹೇಳುತ್ತಾರೆ. ಅದು ‘ತೀರಾ ಕಡಿಮೆ’ ಎಂಬ ಗೆರೆಯ ಒಳಗಿದ್ದರೆ ಆ ಜೀವಿಗಾಗಿ ವಿಶೇಷ ಕ್ರಮ ಬೇಡ. ಗೆರೆ ದಾಟಿದರೆ ಕ್ರಮ ಬೇಕು: ಕೀಟವಿಲ್ಲದ ಪ್ರದೇಶದ ಹಣ್ಣನ್ನಷ್ಟೇ ಪಡೆಯುವುದು, ಶೀತ ಸಂಸ್ಕರಣೆ, ಧೂಮೀಕರಣ, ವಿಕಿರಣ ಸಂಸ್ಕರಣೆ, ಅಥವಾ ತೋಟದಿಂದ ಪ್ಯಾಕಿಂಗ್ ಮನೆಯವರೆಗೆ ಹಲವು ಸಣ್ಣ ತಡೆಗಳನ್ನು ಒಂದರ ಹಿಂದೆ ಒಂದು ಹೂಡುವುದು. ಆ ಕ್ರಮದ ನಂತರ ಉಳಿಯುವ ಅಪಾಯವನ್ನು ಮತ್ತೆ ಲೆಕ್ಕ ಹಾಕುತ್ತಾರೆ. ಗೆರೆಯೊಳಗೆ ತರುವ ಕ್ರಮಗಳಲ್ಲಿ ವ್ಯಾಪಾರಕ್ಕೆ ಅತಿ ಕಡಿಮೆ ಅಡ್ಡಿಯಾಗುವುದನ್ನು ಆರಿಸಿಕೊಳ್ಳಬೇಕು.

ಎರಡನೆಯ ಪ್ರಶ್ನೆಗೆ ಬಂದರೆ, ಪರಿಣತರ ಅಂದಾಜು ಶೂನ್ಯದಿಂದ ಹುಟ್ಟುವುದಿಲ್ಲ. ಆ ಕೀಟ ಬೇರೆ ದೇಶಗಳಿಗೆ ಹರಡಿದಾಗ ಹೇಗೆ ನಡೆದುಕೊಂಡಿತು, ಯಾವ ಯಾವ ಗಿಡಗಳನ್ನು ತಿನ್ನುತ್ತದೆ, ಎರಡೂ ನಾಡುಗಳ ಹವಾಮಾನ ಎಷ್ಟು ಹೊಂದುತ್ತದೆ, ಬಂದರುಗಳಲ್ಲಿ ಎಷ್ಟು ಬಾರಿ ಸಿಕ್ಕಿಬಿದ್ದಿದೆ ಎಂಬ ಸಾಕ್ಷ್ಯಗಳು ಅದರ ಹಿಂದಿರುತ್ತವೆ. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿರುವ ಜೈವಿಕ ಸುರಕ್ಷತಾ ಅಪಾಯ ವಿಶ್ಲೇಷಣಾ ಕೇಂದ್ರ ಈ ಅಂದಾಜು ಪಡೆಯುವ ಕ್ರಮವನ್ನೇ ಅಧ್ಯಯನದ ವಿಷಯ ಮಾಡಿಕೊಂಡಿದೆ. ಅಲ್ಲಿ ಬಳಕೆಯಲ್ಲಿರುವ ವಿಧಾನದಲ್ಲಿ ಪ್ರತಿಯೊಬ್ಬ ತಜ್ಞರೂ ಮೊದಲು ಒಬ್ಬರೇ ಕುಳಿತು ಕನಿಷ್ಠ, ಗರಿಷ್ಠ ಮತ್ತು ಅತ್ಯಂತ ಸಂಭವನೀಯ ಬೆಲೆಗಳನ್ನು ಬರೆಯುತ್ತಾರೆ. ನಂತರ ಹೆಸರಿಲ್ಲದೆ ಎಲ್ಲರ ಅಂದಾಜುಗಳನ್ನೂ ಮುಂದಿಟ್ಟುಕೊಂಡು, ವ್ಯತ್ಯಾಸಕ್ಕೆ ಕಾರಣವನ್ನು ಚರ್ಚಿಸಿ, ಮತ್ತೆ ಒಬ್ಬೊಬ್ಬರೇ ಎರಡನೆಯ ಅಂದಾಜು ಕೊಡುತ್ತಾರೆ; ಕೊನೆಗೆ ಅವುಗಳನ್ನು ಒಟ್ಟುಗೂಡಿಸುತ್ತಾರೆ. ಸಭೆಯ ಹಿರಿಯರು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸುವುದನ್ನು ತಪ್ಪಿಸುವುದೇ ಇದರ ಉದ್ದೇಶ. ನನ್ನ ಮಟ್ಟಿಗೆ, ಒಂದು ಅಂದಾಜು ವೈಜ್ಞಾನಿಕವಾಗುವುದು ಅದರ ದಾರಿಯನ್ನು ಬೇರೆಯವರು ಹೆಜ್ಜೆ ಹೆಜ್ಜೆಗೂ ಪರೀಕ್ಷಿಸುವಂತೆ ಬರೆದಿಟ್ಟಾಗ. ಸೇಬಿನ ಪ್ರಕರಣದ ತಿರುಳೂ ಇದೇ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಸಾಕ್ಷಿಪತ್ರ (ಉತ್ತರ)

ತಾಳೆಗರಿ ಅವರ ಮಾತನ್ನು ಮುಂದುವರಿಸುತ್ತೇನೆ. ಎರಡೂ ಪ್ರಕರಣಗಳಲ್ಲಿ ‘ನಿಮಗೆ ಇಷ್ಟು ಕಟ್ಟುನಿಟ್ಟಿನ ಗುರಿ ಇರಬಾರದು’ ಎಂದು ಯಾರೂ ಆಸ್ಟ್ರೇಲಿಯಾಕ್ಕೆ ಹೇಳಲಿಲ್ಲ. ಗುರಿ ಮತ್ತು ಕ್ರಮದ ನಡುವಿನ ತರ್ಕ ಎಲ್ಲಿ ಕಡಿದುಹೋಗಿದೆ ಎಂಬುದನ್ನಷ್ಟೇ ಪರಿಶೀಲಿಸಿದರು.

ಸಾಲ್ಮನ್ ಪ್ರಕರಣ ಕೆನಡಾ ಹೂಡಿದ್ದು. ಶಾಖ ಸಂಸ್ಕರಣೆಯಾಗದ ಸಾಲ್ಮನ್ ಆಮದನ್ನು ಆಸ್ಟ್ರೇಲಿಯಾ 1975ರಿಂದ ತಡೆದಿತ್ತು. ತನ್ನದೇ 1996ರ ಅಪಾಯ ವಿಶ್ಲೇಷಣಾ ವರದಿಯನ್ನು ಸಮರ್ಥನೆಗೆ ಮುಂದಿಟ್ಟಿತು. 1998ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಸಂಸ್ಥೆ ಆ ವರದಿಯನ್ನು ಅಪಾಯ ಮೌಲ್ಯಮಾಪನ ಎಂದು ಒಪ್ಪಲಿಲ್ಲ. ರೋಗ ಬರಬಹುದು ಎಂದು ಹೇಳಿದರೆ ಸಾಲದು, ಬರುವ ಸಂಭವ ಎಷ್ಟು, ಬೇರೆಬೇರೆ ಕ್ರಮಗಳನ್ನು ಅನುಸರಿಸಿದರೆ ಆ ಸಂಭವ ಎಷ್ಟು ಬದಲಾಗುತ್ತದೆ ಎಂಬುದನ್ನು ತೂಗಿ ಹೇಳಬೇಕು ಎಂಬುದು ಅದರ ನಿಲುವು. ಇನ್ನೊಂದು ದೋಷ ಇದಕ್ಕಿಂತ ನೇರವಾಗಿತ್ತು: ತಿನ್ನಲೆಂದು ಬರುವ ಸಾಲ್ಮನ್‌ಗೆ ಬಾಗಿಲು ಮುಚ್ಚಿದ್ದ ಆಸ್ಟ್ರೇಲಿಯಾ, ಗಾಳಕ್ಕೆ ಎರೆಯಾಗಿ ನೇರವಾಗಿ ನೀರಿಗೇ ಬೀಳುವ ಹೆರಿಂಗ್ ಮೀನನ್ನೂ, ಜೀವಂತ ಅಲಂಕಾರಿಕ ಮೀನುಗಳನ್ನೂ ಒಳಬಿಡುತ್ತಿತ್ತು. ರೋಗ ಹರಡುವ ದೃಷ್ಟಿಯಿಂದ ಅವು ಕನಿಷ್ಠಪಕ್ಷ ಸಾಲ್ಮನ್‌ನಷ್ಟೇ ಅಪಾಯಕಾರಿ. ಆ ತೀರ್ಪಿನ ನಂತರ 1999ರಲ್ಲಿ ಹೊಸ ವಿಶ್ಲೇಷಣೆ ನಡೆಸಿ, ಷರತ್ತುಗಳೊಂದಿಗೆ ಆಮದಿಗೆ ದಾರಿ ಮಾಡಿಕೊಟ್ಟರು.

ಸೇಬಿನದು ದೀರ್ಘ ಕಥೆ. ನ್ಯೂಜಿಲೆಂಡ್‌ನಲ್ಲಿ 1919ರಲ್ಲಿ ಫೈರ್ ಬ್ಲೈಟ್ ಎಂಬ ರೋಗ ಕಾಣಿಸಿಕೊಂಡಿತು. ಎರ್ವಿನಿಯಾ ಅಮೈಲೊವೊರಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಈ ರೋಗದಲ್ಲಿ ಸೇಬು ಮತ್ತು ಪೇರ್ ಮರಗಳ ಹೂವು, ಚಿಗುರು, ಕೊಂಬೆಗಳು ಸುಟ್ಟಂತೆ ಕಪ್ಪಾಗುತ್ತವೆ. 1921ರಲ್ಲಿ ಆಸ್ಟ್ರೇಲಿಯಾ ಅಲ್ಲಿನ ಸೇಬನ್ನು ನಿಷೇಧಿಸಿತು. 1999ರಲ್ಲಿ ನ್ಯೂಜಿಲೆಂಡ್ ಮತ್ತೊಮ್ಮೆ ಅನುಮತಿ ಕೇಳಿದ ಮೇಲೆ ವಿಶ್ಲೇಷಣೆ ಆರಂಭವಾಗಿ, ಒಂದರ ಮೇಲೊಂದು ಕರಡು ಹೊರಬಂದು, ಅಂತಿಮ ವರದಿ 2006ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಆಮದಿಗೆ ಅನುಮತಿ ಸಿಕ್ಕಿತು. ಆದರೆ ತೋಟಗಳ ತಪಾಸಣೆ, ಕ್ಲೋರಿನ್ ಸಂಸ್ಕರಣೆ ಮುಂತಾದ ಷರತ್ತುಗಳು ಎಷ್ಟಿದ್ದವೆಂದರೆ ನ್ಯೂಜಿಲೆಂಡ್ ಅವುಗಳನ್ನು ಒಪ್ಪದೆ ದೂರು ಕೊಟ್ಟಿತು. 2010ರ ಆಗಸ್ಟ್‌ನಲ್ಲಿ ವಿಚಾರಣಾ ಸಮಿತಿಯೂ ನವೆಂಬರ್‌ನಲ್ಲಿ ಮೇಲ್ಮನವಿ ಸಂಸ್ಥೆಯೂ ವರದಿ ನೀಡಿದವು.

ಹಸಿರುಹಾಳೆ ಅವರು ಎತ್ತಿದ ಎರಡನೆಯ ಪ್ರಶ್ನೆಗೆ ಈ ವರದಿಗಳಲ್ಲೇ ಉತ್ತರವಿದೆ. ಪರಿಣತರ ತೀರ್ಮಾನವನ್ನು ಬಳಸಿದ್ದು ತಪ್ಪೆಂದು ಹೇಳಲಿಲ್ಲ. ಆ ತೀರ್ಮಾನಕ್ಕೆ ಹೇಗೆ ಬಂದರು ಎಂಬುದನ್ನು ಸಾಕಷ್ಟು ದಾಖಲಿಸಿಲ್ಲ, ಸಾಕ್ಷ್ಯಕ್ಕೂ ಅಂಕಿಗೂ ನಡುವೆ ವಸ್ತುನಿಷ್ಠ ಕೊಂಡಿ ಕಾಣುತ್ತಿಲ್ಲ ಎಂದರು. ತಾಳೆಗರಿ ಅವರು ಹೇಳಿದ ‘ನಗಣ್ಯ’ ಎಂಬ ಪದದ ಎಲ್ಲೆಯೇ ಇಲ್ಲಿ ದೊಡ್ಡ ವಿಷಯವಾಯಿತು. ಸೊನ್ನೆಯಿಂದ ಹತ್ತು ಲಕ್ಷದಲ್ಲಿ ಒಂದರವರೆಗಿನ ವ್ಯಾಪ್ತಿಯಲ್ಲಿ ಎಲ್ಲ ಬೆಲೆಗಳೂ ಸಮಾನವಾಗಿ ಸಂಭವನೀಯವೆಂದು ಹಿಡಿದರೆ ಸರಾಸರಿ ಇಪ್ಪತ್ತು ಲಕ್ಷದಲ್ಲಿ ಒಂದಾಗುತ್ತದೆ. ಹೆಚ್ಚುಕಡಿಮೆ ನಡೆಯುವುದೇ ಇಲ್ಲ ಎನ್ನಬಹುದಾದ ಘಟನೆಗೂ ಈ ಬೆಲೆ ಕೊಟ್ಟು, ವರ್ಷಕ್ಕೆ ಕೋಟಿಗಟ್ಟಲೆ ಸೇಬು ಬರುತ್ತದೆಂಬ ಊಹೆಯಿಂದ ಗುಣಿಸಿದಾಗ, ಕಾಗದದ ಮೇಲೆ ರೋಗ ಬಂದೇ ಬಿಡುತ್ತದೆ. ಅಪಾಯವನ್ನು ಹಿಗ್ಗಿಸುವ ಈ ದೋಷವನ್ನು ಸಮಿತಿ ಗುರುತಿಸಿತು. ರೋಗಲಕ್ಷಣವಿಲ್ಲದ ಬಲಿತ ಸೇಬಿನಿಂದ ಮರಕ್ಕೆ ಫೈರ್ ಬ್ಲೈಟ್ ಹರಡಿದ್ದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂಬ ನಿರ್ಣಯ, ಅಮೆರಿಕವು ಜಪಾನಿನ ವಿರುದ್ಧ ಹೂಡಿದ ಪ್ರಕರಣದಲ್ಲಿ 2003ರಲ್ಲೇ ಬಂದಿತ್ತು.

ಆದರೂ ಸೋಲು ಪೂರ್ತಿಯಾಗಿರಲಿಲ್ಲ. ಕ್ರಮಗಳು ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗಿವೆ ಎಂಬ ಸಮಿತಿಯ ನಿರ್ಣಯವನ್ನು ಮೇಲ್ಮನವಿ ಸಂಸ್ಥೆ ತಳ್ಳಿಹಾಕಿತು. ಆ ಬಳಿಕ ಆಸ್ಟ್ರೇಲಿಯಾ ನೀತಿಯನ್ನು ಮರುಪರಿಶೀಲಿಸಿ 2011ರ ಆಗಸ್ಟ್‌ನಲ್ಲಿ ಆಮದಿಗೆ ಒಪ್ಪಿತು, ತೊಂಬತ್ತು ವರ್ಷಗಳ ನಂತರ.

ಬದುಬೇಲಿ (ಉತ್ತರ)

ಇಬ್ಬರೂ ಚೆನ್ನಾಗಿ ವಿವರಿಸಿದ್ದೀರಿ. ಒಂದು ಅಂಶ ಬಿಟ್ಟುಹೋಗಿದೆ, ಸೇರಿಸುತ್ತೇನೆ. ಅಗ್ಗದ ಹಣ್ಣು ಬಂದು ತಮ್ಮ ಬೆಲೆ ಕುಸಿಯುತ್ತದೆ ಎಂಬ ಬೆಳೆಗಾರರ ಭಯವನ್ನು ಅಪಾಯದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಕೀಟ ಬಂದರೆ ಆಗುವ ಬೆಳೆ ನಷ್ಟ, ಮಾರಾಟದ ನಷ್ಟ, ಅದನ್ನು ನಿಯಂತ್ರಿಸುವ ಅಥವಾ ನಿರ್ಮೂಲ ಮಾಡುವ ಖರ್ಚು, ಬೇರೆ ಮಾರ್ಗಗಳ ವೆಚ್ಚ, ಇವುಗಳನ್ನು ಪರಿಗಣಿಸಲು ಎಸ್‌ಪಿಎಸ್ ಒಪ್ಪಂದದ 5ನೇ ವಿಧಿ ಹೇಳುತ್ತದೆ. ಪೈಪೋಟಿಯ ನಷ್ಟ ಆ ಪಟ್ಟಿಯಲ್ಲಿಲ್ಲ. ಹಾಗೆಂದು ಬೆಳೆಗಾರರ ದನಿಗೆ ಬೆಲೆಯಿಲ್ಲ ಎಂದು ತಿಳಿಯಬಾರದು. ಕರಡು ವರದಿಯನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಪಡೆಯುವ ಹಂತದಲ್ಲಿ, ತೋಟದಲ್ಲಿ ದಿನವೂ ಓಡಾಡುವವರು ಕೊಡುವ ಮಾಹಿತಿ (ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಕಸಕ್ಕೆ ಹಾಕಿದ ಹಣ್ಣು ಎಲ್ಲಿಗೆ ಹೋಗುತ್ತದೆ, ಹತ್ತಿರದಲ್ಲಿ ಯಾವ ಕಾಡುಗಿಡಗಳಿವೆ) ಹಲವು ಬಾರಿ ಪುಸ್ತಕದಲ್ಲಿ ಸಿಗುವುದಿಲ್ಲ. ವಿಶ್ಲೇಷಣೆಯ ಬಗ್ಗೆ ವಿಜ್ಞಾನಿಗಳ ಪ್ರತ್ಯೇಕ ಸಮಿತಿಯ ಪರಿಶೀಲನೆಯೂ ಆ ದೇಶದಲ್ಲಿ ಇದೆ. ಹಿಂದೆ ಅದಕ್ಕೆ ‘ಶ್ರೇಷ್ಠ ವಿಜ್ಞಾನಿಗಳ ಗುಂಪು’ ಎಂಬರ್ಥದ ಹೆಸರಿತ್ತು. ಆಮದಿಗೆ ವಿರೋಧವೋ ಬೆಂಬಲವೋ ಎಂಬ ಗೋಜಿಗೆ ಹೋಗದೆ, ಬಂದ ವೈಜ್ಞಾನಿಕ ಆಕ್ಷೇಪಗಳಿಗೆ ಉತ್ತರ ಸಿಕ್ಕಿದೆಯೇ ಎಂಬುದನ್ನು ನೋಡುವುದು ಅದರ ಕೆಲಸವಾಗಿತ್ತು.

ದಡದದೀಪ (ಉತ್ತರ)

ಇಲ್ಲಿಯವರೆಗಿನ ಚರ್ಚೆ ವರದಿ ಬರೆಯುವ ಹಂತದ್ದು. ನನಗೆ ಹೆಚ್ಚು ಕಾಳಜಿ ಇರುವುದು ವರದಿಯ ನಂತರದ ಹಂತದ ಬಗ್ಗೆ, ಏಕೆಂದರೆ ವಿಶ್ಲೇಷಣೆಯೊಳಗೆ ‘ಈ ಷರತ್ತು ಪಾಲನೆಯಾಗುತ್ತದೆ’ ಎಂಬ ಊಹೆ ಅಡಗಿರುತ್ತದೆ, ಮತ್ತು ಆ ಊಹೆ ಸುಳ್ಳಾದ ದಿನ ಉಳಿದೆಲ್ಲ ಲೆಕ್ಕವೂ ಕುಸಿಯುತ್ತದೆ.

2007ರ ಆಗಸ್ಟ್‌ನಲ್ಲಿ, ಅಲ್ಲಿಯವರೆಗೆ ಕುದುರೆಗಳ ಇನ್‌ಫ್ಲುಯೆಂಜಾ ಇಲ್ಲದಿದ್ದ ಆಸ್ಟ್ರೇಲಿಯಾದಲ್ಲಿ ಆ ರೋಗ ಹಬ್ಬಿತು. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್‌ಗಳಲ್ಲಿ ಕುದುರೆಗಳ ಓಡಾಟವನ್ನೇ ನಿಲ್ಲಿಸಬೇಕಾಯಿತು. ನಿವೃತ್ತ ನ್ಯಾಯಮೂರ್ತಿ ಇಯಾನ್ ಕ್ಯಾಲಿನನ್ ನಡೆಸಿದ ವಿಚಾರಣೆ, ಸಿಡ್ನಿಯ ಈಸ್ಟರ್ನ್ ಕ್ರೀಕ್ ಕ್ವಾರಂಟೈನ್ ಕೇಂದ್ರದಲ್ಲಿದ್ದ ಸೋಂಕಿತ ಕುದುರೆಯ ಸಂಪರ್ಕಕ್ಕೆ ಬಂದ ಮನುಷ್ಯರ ಮೈ, ಬಟ್ಟೆ ಅಥವಾ ಸಲಕರಣೆಯ ಮೂಲಕ ವೈರಸ್ ಹೊರಬಿದ್ದಿರುವುದೇ ಅತ್ಯಂತ ಸಂಭವನೀಯ ಎಂಬ ತೀರ್ಮಾನಕ್ಕೆ ಬಂದಿತು. ಕುದುರೆಗಳನ್ನು ಪ್ರತ್ಯೇಕವಾಗಿಡುವ ನಿಯಮವಿತ್ತು. ಕೇಂದ್ರಕ್ಕೆ ಹೋಗಿಬರುವವರು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಸಲಕರಣೆ ಶುಚಿಗೊಳಿಸುತ್ತಾರೆಯೇ ಎಂದು ನೋಡುವವರ ಕೊರತೆ ಇತ್ತು. ಲಸಿಕೆ ಹಾಕಿಸಿಕೊಂಡ ಕುದುರೆ ರೋಗಲಕ್ಷಣ ತೋರದೆಯೂ ವೈರಸ್ ಹೊರಹಾಕಬಲ್ಲದು ಎಂಬುದು ಈ ಕೊರತೆಯನ್ನು ಇನ್ನಷ್ಟು ಅಪಾಯಕಾರಿ ಮಾಡಿತು.

ಇನ್ನೊಂದು ಉದಾಹರಣೆ 2016ರ ಕೊನೆಯದು. ಕ್ವೀನ್ಸ್‌ಲ್ಯಾಂಡ್‌ನ ಲೋಗನ್ ನದಿಯ ಬಳಿಯ ಸಿಗಡಿ ಕೃಷಿ ಕೊಳಗಳಲ್ಲಿ ಬಿಳಿಚುಕ್ಕೆ ರೋಗ ಕಾಣಿಸಿಕೊಂಡಿತು. ಅದು ಹೇಗೆ ಬಂದಿತೆಂಬುದು ಖಚಿತವಾಗಿ ಸಾಬೀತಾಗಲಿಲ್ಲ. ಆದರೆ ಅಡುಗೆಗೆಂದು ಆಮದಾದ ಹಸಿ ಸಿಗಡಿಯನ್ನು ಹವ್ಯಾಸಿ ಗಾಳಗಾರರು ಎರೆಯಾಗಿ ಬಳಸುವ ಸಾಧ್ಯತೆ ಚರ್ಚೆಯ ಮುಂಚೂಣಿಗೆ ಬಂದು, 2017ರ ಜನವರಿಯಲ್ಲಿ ಹಸಿ ಸಿಗಡಿಯ ಆಮದನ್ನೇ ಕೆಲಕಾಲ ಸ್ಥಗಿತಗೊಳಿಸಿದರು. ‘ಅಡುಗೆಗೆ ಮಾತ್ರ’ ಎಂದು ಚೀಟಿ ಅಂಟಿಸಿದ ಮಾತ್ರಕ್ಕೆ ಸರಕು ಅಡುಗೆಮನೆಗೇ ಹೋಗುತ್ತದೆಂದು ನಂಬುವ ಹಾಗಿಲ್ಲ. ಸಾಕ್ಷಿಪತ್ರ ಅವರು ಹೇಳಿದ ಹೆರಿಂಗ್ ವಿಚಾರವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಜೈವಿಕ ಸುರಕ್ಷತೆಯ ಮಹಾನಿರೀಕ್ಷಕ ಎಂಬ ಸ್ವತಂತ್ರ ಹುದ್ದೆ ಆ ದೇಶದಲ್ಲಿರುವುದು ಇಂಥ ಬಿರುಕುಗಳನ್ನು ಹುಡುಕಿ ಬಹಿರಂಗವಾಗಿ ವರದಿ ಮಾಡಲೆಂದೇ. ಆ ವರದಿಗಳನ್ನು ನೀತಿಯ ವಿದ್ಯಾರ್ಥಿಗಳು ತಪ್ಪದೆ ಓದಬೇಕು.

ಹಸಿರುಹಾಳೆ

ಎಲ್ಲರಿಗೂ ಕೃತಜ್ಞತೆಗಳು. ಗುರಿಯನ್ನು ಆರಿಸುವುದು ಮತ್ತು ಅಪಾಯವನ್ನು ಅಳೆಯುವುದು ಎಂಬ ಎರಡು ಕೆಲಸಗಳನ್ನು ಬೇರ್ಪಡಿಸಿ ನೋಡಿದ ಮೇಲೆ ತೀರ್ಪುಗಳೂ ಅರ್ಥವಾಗುತ್ತಿವೆ. ದಡದದೀಪ ಅವರನ್ನು ಒಂದು ಕೇಳಬೇಕಿತ್ತು: ಸರಕು ಬಂದಿಳಿದಾಗ 600 ಹಣ್ಣುಗಳನ್ನು ತಪಾಸಣೆ ಮಾಡುತ್ತಾರೆ ಎಂದು ಹಲವೆಡೆ ಓದಿದೆ. ಲಕ್ಷಾಂತರ ಹಣ್ಣುಗಳಿರುವ ಸರಕಿಗೂ ಅಷ್ಟೇ ಸಾಕೇ?

ದಡದದೀಪ

ಸರಕು ತುಂಬ ದೊಡ್ಡದಾಗಿದ್ದಾಗ ಅದರ ಗಾತ್ರ ಈ ಲೆಕ್ಕದಲ್ಲಿ ಬಹುಮಟ್ಟಿಗೆ ಮುಖ್ಯವಾಗುವುದಿಲ್ಲ. ಇನ್ನೂರರಲ್ಲಿ ಒಂದು ಹಣ್ಣಿನಲ್ಲಿ, ಅಂದರೆ ಶೇಕಡಾ 0.5ರಷ್ಟರಲ್ಲಿ, ಕೀಟವಿದೆ ಎಂದಿಟ್ಟುಕೊಳ್ಳಿ. ಯಾದೃಚ್ಛಿಕವಾಗಿ ಆರಿಸಿದ ಒಂದು ಹಣ್ಣು ಶುದ್ಧವಾಗಿರುವ ಸಂಭವ 0.995. ಆರುನೂರೂ ಶುದ್ಧವಾಗಿ ಸಿಗುವ ಸಂಭವವೆಂದರೆ 0.995ನ್ನು ಆರುನೂರು ಬಾರಿ ಅದರಿಂದಲೇ ಗುಣಿಸಿದಾಗ ಬರುವುದು, ಸುಮಾರು 0.05. ಆದ್ದರಿಂದ ಕೀಟವಿರುವ ಹಣ್ಣು ಒಂದಾದರೂ ಕೈಗೆ ಸಿಗುವ ಭರವಸೆ ಶೇಕಡಾ 95. ಆದರೆ ಇದು ನಿಲ್ಲುವುದು ಎರಡು ಷರತ್ತುಗಳ ಮೇಲೆ: ಹಣ್ಣುಗಳನ್ನು ಸರಕಿನ ಎಲ್ಲ ಭಾಗಗಳಿಂದಲೂ ನಿಜವಾಗಿ ಯಾದೃಚ್ಛಿಕವಾಗಿ ತೆಗೆದಿರಬೇಕು, ಮತ್ತು ಕೀಟವಿದ್ದ ಹಣ್ಣನ್ನು ಕೈಯಲ್ಲಿ ಹಿಡಿದ ತಪಾಸಕರಿಗೆ ಅದು ಕಣ್ಣಿಗೆ ಬೀಳಬೇಕು. ಹಣ್ಣಿನೊಳಗೆ ಮೊಟ್ಟೆಯಿಡುವ ಹಣ್ಣುನೊಣದಂಥ ಕೀಟಗಳಲ್ಲಿ ಎರಡನೆಯ ಷರತ್ತು ಬಹಳ ಬಾರಿ ಈಡೇರುವುದಿಲ್ಲ. ಅಂಥ ಕೀಟಗಳಿಗೆ ತಪಾಸಣೆಯೊಂದನ್ನೇ ನೆಚ್ಚದೆ ಶೀತ ಸಂಸ್ಕರಣೆಯನ್ನೋ ವಿಕಿರಣ ಸಂಸ್ಕರಣೆಯನ್ನೋ ಕಡ್ಡಾಯ ಮಾಡುತ್ತಾರೆ.